ಲ್ಯಾಪ್‌ಟಾಪನ್ನು ಸದಾ ನೂರಕ್ಕೆ ತುಂಬಿಸಿಡಬೇಡಿ: ಗುಜರಾತಿನ ಕನ್ನಡ ತಂದೆತಾಯಿಯರಿಗೊಂದು ಬಹಿರಂಗ ಪತ್ರ

ವಡೋದರಾ, ಅಹಮದಾಬಾದ್ ಮತ್ತು ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡ ಮನೆಗಳ ತಂದೆತಾಯಿಯರಿಗೆ,



ಈ ಪತ್ರವನ್ನು ನಿಮ್ಮ ಮಕ್ಕಳಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಬಳಸುವವರು ಅವರೇ ಇರಬಹುದು. ಆದರೆ ಅದು ಮೇಜಿನ ಮೇಲಿರಬೇಕೋ ಹಾಸಿಗೆಯ ಮೇಲೋ, ಚಾರ್ಜರ್ ರಾತ್ರಿಯಿಡೀ ಗೋಡೆಯಲ್ಲಿ ಇರಬೇಕೋ ಬೇಡವೋ, ಬೇಸಿಗೆ ರಜೆಗೆ ಊರಿಗೆ ಹೊರಟಾಗ ಅದನ್ನು ಎಲ್ಲಿಟ್ಟು ಹೋಗಬೇಕು, ಇವೆಲ್ಲ ಮನೆಯ ರೂಢಿಗಳು. ರೂಢಿ ಹಾಕುವವರು ನೀವು. ಬ್ಯಾಟರಿ ಕೆಟ್ಟಾಗ ದುಡ್ಡು ಕೊಡುವವರೂ ನೀವೇ.

ನಾನು ವಡೋದರಾದ ಮಂಜಲ್‌ಪುರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಮಕರಪುರ ಜಿಐಡಿಸಿಯಲ್ಲಿ ಕೆಲಸ ಮಾಡುವವರು, ಓಎನ್‌ಜಿಸಿಯವರು, ರಿಫೈನರಿಯವರು, ಲಾಲ್‌ಬಾಗ್ ಕಡೆಯ ರೈಲ್ವೆಯವರು, ಉಡುಪಿ ಹೋಟೆಲಿನವರು, ಹೀಗೆ ನಮ್ಮ ಭಾಷೆಯ ಹಲವು ಮನೆಗಳವರು ನನ್ನ ಮೇಜಿನ ಮುಂದೆ ಕುಳಿತಿದ್ದಾರೆ. 2019ರ ಏಪ್ರಿಲ್ 1ರಂದು ನಮ್ಮ ಮಂಗಳೂರು ಮೂಲದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ಮೇಲೆ ಬ್ಯಾಂಕಿನವರ ಪರಿಚಯವೂ ಆಗಿದೆ. ಎಲ್ಲರ ಮನೆಯಲ್ಲೂ ಈಗ ಒಂದಲ್ಲ, ಎರಡು ಮೂರು ಲ್ಯಾಪ್‌ಟಾಪುಗಳಿವೆ. ಬರುವ ದೂರುಗಳಲ್ಲಿ ಬ್ಯಾಟರಿಯದೇ ದೊಡ್ಡ ಪಾಲು. "ಅಣ್ಣಾ, ಚಾರ್ಜರ್ ತೆಗೆದ ಕೂಡಲೇ ಆಫ್ ಆಗ್ತದೆ ನೋಡಿ, ತಗೊಂಡು ಎರಡು ವರ್ಷ ಸಹ ಆಗಿಲ್ಲ" ಎಂದು ತಾಯಂದಿರು ಹೇಳುವಾಗ ಅವರ ದನಿಯಲ್ಲಿ ಕಂಪನಿಯ ಮೇಲೆ ಸಿಟ್ಟು, ಮಕ್ಕಳ ಮೇಲೆ ಗುಮಾನಿ ಎರಡೂ ಇರುತ್ತವೆ. ಮಗ ಹೆಚ್ಚು ಆಟ ಆಡಿದ್ದಕ್ಕೇ ಹೀಗಾಯಿತು ಎಂದು ಅವರು ನಂಬಿರುತ್ತಾರೆ. ಮಗ ತಲೆ ತಗ್ಗಿಸಿ ಪಕ್ಕದಲ್ಲಿ ನಿಂತಿರುತ್ತಾನೆ.

ಹೆಚ್ಚಿನ ಸಲ ಆ ಹುಡುಗನ ತಪ್ಪು ಅದರಲ್ಲಿ ಇರುವುದಿಲ್ಲ. ಆ ಬ್ಯಾಟರಿ ಬಳಸಿ ಸವೆದದ್ದಲ್ಲ. ತುಂಬಿಸಿ, ಬಿಸಿಯಲ್ಲಿ, ಸುಮ್ಮನೆ ಇಟ್ಟದ್ದರಿಂದ ಸತ್ತದ್ದು. ನನ್ನ ಇಡೀ ಪತ್ರ ಹೇಳಬೇಕಾದ್ದು ಇಷ್ಟನ್ನೇ. ಉಳಿದದ್ದೆಲ್ಲ ಅದಕ್ಕೆ ಕಾರಣ ಮತ್ತು ಅದನ್ನು ತಡೆಯುವ ದಾರಿ.

ನಮ್ಮ ಲ್ಯಾಪ್‌ಟಾಪುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ವಿಜ್ಞಾನಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಹೊರಟು ದ್ರಾವಣದೊಳಗೆ ಹಾದು ಇನ್ನೊಂದು ಬದಿಯ ಗ್ರಾಫೈಟಿನ ಪದರಗಳಲ್ಲಿ ಸೇರಿಕೊಳ್ಳುತ್ತವೆ. ಬಳಸುವಾಗ ಬಂದ ದಾರಿಯಲ್ಲೇ ವಾಪಸು ಹೋಗುತ್ತವೆ. ಗ್ರಾಫೈಟಿನ ಮೈಮೇಲೆ ಮೊದಲ ಚಾರ್ಜಿನಲ್ಲೇ ಒಂದು ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಬೇಕು, ಅದಿಲ್ಲದೆ ಬ್ಯಾಟರಿ ನಡೆಯದು. ಆದರೆ ಅದು ದಿನದಿನಕ್ಕೆ ದಪ್ಪವಾಗುತ್ತ ಹೋಗುತ್ತದೆ, ಹಾಗೆ ಬೆಳೆಯುವಾಗ ಒಳಗಿನ ಲಿಥಿಯಮ್ಮನ್ನೇ ತಿನ್ನುತ್ತದೆ. ಹಾಗೆ ಹೋದ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ಬಿಸಿ ಹೆಚ್ಚಿದಷ್ಟೂ ಈ ಬೆಳವಣಿಗೆ ಬೇಗ. ಇನ್ನೊಂದು ಬದಿಯಲ್ಲಿ, ನೂರಕ್ಕೆ ನೂರು ತುಂಬಿದ ಸೆಲ್‌ನ ವೋಲ್ಟೇಜು ಸುಮಾರು 4.2ಕ್ಕೆ, ಹೊಸ ಮಾದರಿಗಳಲ್ಲಿ ಅದಕ್ಕೂ ತುಸು ಮೇಲಕ್ಕೆ ಹೋಗಿರುತ್ತದೆ. ಆ ಎತ್ತರದಲ್ಲಿ ನಿಂತಷ್ಟು ಹೊತ್ತು ಒಳಗಿನ ದ್ರಾವಣ ಕೆಡುತ್ತಲೇ ಇರುತ್ತದೆ. ಗಾಳಿ ಬಿಗಿಯಾಗಿ ತುಂಬಿಸಿದ ಸೈಕಲ್ಲನ್ನು ಮೇ ತಿಂಗಳ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಟ್ಯೂಬಿಗೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಸೈಕಲ್ ಓಡಿಯೇ ಇರುವುದಿಲ್ಲ, ಆದರೂ ಟ್ಯೂಬು ಹೋಗಿರುತ್ತದೆ.

ಅಂಕಿ ಬೇಕೆನ್ನುವವರಿಗೆ ಅಂಕಿಯೂ ಇದೆ. ಕೆನಡಾದ ಕ್ಯಾಡೆಕ್ಸ್ ಸಂಸ್ಥೆಯನ್ನು ಕಟ್ಟಿದ ಇಸಿಡೋರ್ ಬುಕ್‌ಮನ್ ಜನಸಾಮಾನ್ಯರಿಗಾಗಿ ಬ್ಯಾಟರಿಗಳ ಬಗ್ಗೆ ಬರೆದವರು. ಲಿಥಿಯಂ ಬ್ಯಾಟರಿಯನ್ನು ಒಂದು ವರ್ಷ ಸುಮ್ಮನೆ ಇಟ್ಟರೆ ಅದರ ಶಕ್ತಿ ಎಷ್ಟು ಉಳಿಯುತ್ತದೆ ಎಂಬ ಅವರ ಪಟ್ಟಿಯನ್ನು ನಮ್ಮ ಕಸುಬಿನವರು ಚೆನ್ನಾಗಿ ಬಲ್ಲರು. 25 ಡಿಗ್ರಿ ತಂಪಿನಲ್ಲಿ, ಶೇ. 40ರಷ್ಟು ಮಾತ್ರ ಚಾರ್ಜ್ ಮಾಡಿಟ್ಟರೆ ವರ್ಷದ ಕೊನೆಗೆ ಶೇ. 96 ಉಳಿಯುತ್ತದೆ. ಅದೇ ತಂಪಿನಲ್ಲಿ ಪೂರ್ತಿ ತುಂಬಿಸಿಟ್ಟರೆ ಶೇ. 80. ಇನ್ನು 40 ಡಿಗ್ರಿಯಲ್ಲಿ, ಶೇ. 40 ತುಂಬಿಸಿಟ್ಟರೆ ಶೇ. 85; ಪೂರ್ತಿ ತುಂಬಿಸಿಟ್ಟರೆ ಶೇ. 65. ಒಂದೇ ವರ್ಷದಲ್ಲಿ ಮೂರನೇ ಒಂದು ಪಾಲು, ಅದೂ ಒಂದು ಸಲವೂ ಬಳಸದೆ. ಆ 40 ಡಿಗ್ರಿ ಬೇರೆ ದೇಶದವರಿಗೆ ಪ್ರಯೋಗಶಾಲೆಯ ಅಂಕಿಯಾಗಿರಬಹುದು. ನಮಗೆ ಅದು ಏಪ್ರಿಲ್‌ನ ಒಂದು ಸಾಧಾರಣ ಮಧ್ಯಾಹ್ನ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಆಗಿತ್ತು. ಬಿಸಿಲಿಗೆ ಜನ ಸಾಯದಿರಲೆಂದು ಅಲ್ಲಿನ ಮಹಾನಗರ ಪಾಲಿಕೆ 2013ರಲ್ಲೇ ಒಂದು ಕಾರ್ಯಯೋಜನೆ ಮಾಡಬೇಕಾಗಿ ಬಂತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಇಂಥ ಊರುಗಳಲ್ಲಿ ಮೇಲಿನ ಮಹಡಿಯ ಫ್ಲಾಟಿನಲ್ಲಿ, ಗೋಡೆಗೆ ಸಿಕ್ಕಿಸಿದ ಚಾರ್ಜರ್ ತೆಗೆಯದೆ, ನೂರರಲ್ಲೇ ನಿಂತ ಲ್ಯಾಪ್‌ಟಾಪ್ ಎರಡು ವರ್ಷಕ್ಕೆ ಸೋಲುವುದು ಆಶ್ಚರ್ಯವಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ, ಇವತ್ತು ರಾತ್ರಿಯೇ ಮಾಡಬಹುದಾದದ್ದು. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆಯೇ ನೋಡಿ, ಇದ್ದರೆ ಹಾಕಿಬಿಡಿ. ಈಚಿನ ಹೆಚ್ಚಿನ ಯಂತ್ರಗಳಲ್ಲಿ ಇರುತ್ತದೆ, ಆದರೆ ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಲೆನೊವೊದಲ್ಲಿ ವ್ಯಾಂಟೇಜ್ ಎಂಬ ಆ್ಯಪಿನೊಳಗೆ ಕನ್ಸರ್ವೇಶನ್ ಮೋಡ್ ಎಂದಿರುತ್ತದೆ. ಏಸಸ್‌ನಲ್ಲಿ ಮೈಏಸಸ್ ಆ್ಯಪಿನಲ್ಲಿ, ಏಸರ್‌ನಲ್ಲಿ ಅದರ ಕೇರ್ ಸೆಂಟರಿನಲ್ಲಿ ಸಿಗುತ್ತದೆ. ಡೆಲ್‌ನಲ್ಲಿ, ಹೆಚ್ಚಾಗಿ ಕರೆಂಟಿನಲ್ಲೇ ಬಳಸುವವರಿಗೆ ಎಂಬ ಅರ್ಥದ ಆಯ್ಕೆ ಅದರ ಪವರ್ ಆ್ಯಪಿನಲ್ಲೂ, ಯಂತ್ರ ಆನ್ ಆಗುವಾಗಲೇ ತೆರೆಯಬೇಕಾದ ಬಯಾಸ್ ಪುಟದಲ್ಲೂ ಇದೆ. ಎಚ್‌ಪಿಯ ಆಫೀಸು ಮಾದರಿಗಳಲ್ಲಿ ಬಯಾಸ್ ಒಳಗೆ ಬ್ಯಾಟರಿ ಹೆಲ್ತ್ ಮ್ಯಾನೇಜರ್ ಎಂದು ಹುಡುಕಿ. ಆಪಲ್ ಮ್ಯಾಕ್‌ಬುಕ್ಕಿನಲ್ಲಿ ಆಪ್ಟಿಮೈಸ್ಡ್ ಚಾರ್ಜಿಂಗ್ ತಾನೇ ನಿಮ್ಮ ರೂಢಿ ಕಲಿತು ಶೇ. 80ರಲ್ಲಿ ತಡೆಯುತ್ತದೆ. ಅದನ್ನು ಆಫ್ ಮಾಡಬೇಡಿ. ಹೆಸರು ಬೇರೆಬೇರೆ, ಕೆಲಸ ಒಂದೇ. ಮಗಳಿಗೆ ನಾಳೆ ಕಾಲೇಜಿನಲ್ಲಿ ಇಡೀ ದಿನ ಬೇಕು ಎಂದಾದರೆ ಹಿಂದಿನ ದಿನ ಆ ಮಿತಿಯನ್ನು ತೆಗೆದು ಪೂರ್ತಿ ತುಂಬಿಸಿಕೊಳ್ಳಲಿ, ತಪ್ಪಿಲ್ಲ. ತುಂಬಿಸಿ ಬಳಸಿಬಿಟ್ಟರೆ ಹಾನಿ ಕಡಿಮೆ. ತುಂಬಿಸಿ ನಿಲ್ಲಿಸುವುದೇ ಹಾನಿ.

ಸೆಟ್ಟಿಂಗ್ ಇಲ್ಲದ ಹಳೆಯ ಯಂತ್ರವಾದರೆ ಮನೆಯವರೇ ಸೆಟ್ಟಿಂಗ್ ಆಗಬೇಕು. ರಾತ್ರಿ ಮಲಗುವ ಮೊದಲು ಪ್ಲಗ್ ತೆಗೆಯಿರಿ. ಗಡಿಯಾರ ನೋಡುತ್ತ ಕೂರುವ ಅಗತ್ಯವಿಲ್ಲ, ಸುಮಾರಾಗಿ ಶೇ. 20 ಮತ್ತು 80ರ ನಡುವೆ ಇದ್ದರೆ ಸಾಕು.

ಇಲ್ಲಿ ಒಂದು ಹಳೆಯ ಬುದ್ಧಿಮಾತಿನ ಬಗ್ಗೆ ವಿನಯದಿಂದಲೇ ವಾದ ಮಾಡಬೇಕಾಗಿದೆ. "ಪೂರ್ತಿ ಖಾಲಿ ಆಗೋವರೆಗೂ ಬಳಸು, ಆಮೇಲೇ ಚಾರ್ಜಿಗೆ ಹಾಕು" ಎಂದು ಅಪ್ಪಂದಿರು ಮಕ್ಕಳಿಗೆ ಹೇಳುವುದನ್ನು ಅಂಗಡಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಮಾತು ಸುಳ್ಳಲ್ಲ, ಹಳೆಯದು. ಕಾರ್ಡ್‌ಲೆಸ್ ಫೋನು, ಮೊದಲ ಕಾಲದ ವಿಡಿಯೊ ಕ್ಯಾಮೆರಾಗಳಲ್ಲಿ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳಿದ್ದವು. ಅರ್ಧಕ್ಕೇ ಚಾರ್ಜ್ ಮಾಡುತ್ತ ಹೋದರೆ ಅವು ಮಂಕಾಗುತ್ತಿದ್ದವು, ಆಗ ಖಾಲಿ ಮಾಡುವುದು ಸರಿಯಾಗಿತ್ತು. ಲಿಥಿಯಂಗೆ ಆ ರೋಗವೇ ಇಲ್ಲ. ಅದನ್ನು ಪದೇಪದೇ ಸೊನ್ನೆಗೆ ಇಳಿಸುವುದು ಅದಕ್ಕೆ ಪೆಟ್ಟು. ಶೇ. 60ರಲ್ಲಿರುವಾಗ ಚಾರ್ಜಿಗೆ ಹಾಕಿ 80ಕ್ಕೆ ತೆಗೆದರೆ ಬ್ಯಾಟರಿಗೆ ಬೇಸರವಿಲ್ಲ. ಬ್ಯಾಟರಿಯ ಆಯುಸ್ಸನ್ನು ಕಂಪನಿಯವರು ಸೈಕಲ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ; ಅದು ಪ್ಲಗ್ ಹಾಕಿದ ಸಲಗಳ ಎಣಿಕೆಯಲ್ಲ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು ಸೈಕಲ್. ಸಾಧಾರಣ ಲ್ಯಾಪ್‌ಟಾಪ್ ಬ್ಯಾಟರಿ ಇಂಥ 300ರಿಂದ 500 ಸೈಕಲ್ಲಿನ ನಂತರ ಶೇ. 80ಕ್ಕೆ ಇಳಿಯುತ್ತದೆ; ಮ್ಯಾಕ್‌ಬುಕ್ಕುಗಳಿಗೆ ಆಪಲ್ ಹೇಳುವ ಅಂಕಿ 1000. ಶೇಕಡಾವಾರು ಲೆಕ್ಕ ತಪ್ಪಾಗಿ ತೋರಿಸುತ್ತಿದ್ದರೆ ಮಾತ್ರ, ಕೆಲವು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ ಏರಿಸುವುದರಿಂದ ಆ ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಬೇಡ.

ಈಗ "ಚಾರ್ಜ್ ಆಗ್ತಿಲ್ಲ" ಎಂಬ ದೂರಿಗೆ ಬರುತ್ತೇನೆ. ಪ್ಲಗ್ ಹಾಕಿದೆ, ಚಾರ್ಜ್ ಆಗುತ್ತಿಲ್ಲ ಎಂದು ಪರದೆಯ ಮೇಲೆ ಬಂದ ಕೂಡಲೇ ಮನೆಯವರು ಬ್ಯಾಟರಿ ಸತ್ತಿತೆಂದು ತೀರ್ಮಾನಿಸುತ್ತಾರೆ. ದಯವಿಟ್ಟು ಒಂದಿಷ್ಟು ತಾಳಿ. ಎಲ್ಲೋ 60ರಲ್ಲೋ 80ರಲ್ಲೋ ನಿಂತಿದೆ ಎಂದಾದರೆ ಮೇಲೆ ಹೇಳಿದ ಸೆಟ್ಟಿಂಗನ್ನು ಯಾರೋ ಆಗಲೇ ಹಾಕಿದ್ದಾರೆ, ಅಷ್ಟೇ. ಆಫೀಸಿನಿಂದ ಬಂದ ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿನಿಂದ ಬಂದು ನೇರ ಚಾರ್ಜಿಗೆ ಹಾಕಿದ್ದೀರಾ? ಲಿಥಿಯಂ ಸೆಲ್ ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯೊಳಗೆ ಮಾತ್ರ ಚಾರ್ಜ್ ತೆಗೆದುಕೊಳ್ಳಬೇಕು. ಅದಕ್ಕಿಂತ ಬಿಸಿಯಿದ್ದರೆ ಒಳಗಿನ ಕಾವಲು ಸರ್ಕ್ಯೂಟು ತಾನೇ ತಡೆಯುತ್ತದೆ. ಫ್ಯಾನಿನ ಕೆಳಗೆ ತಣ್ಣಗಾಗಲು ಬಿಡಿ, ತಾನೇ ಶುರುವಾಗುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಹಾಗೆ ಮಾಡಿದವರನ್ನೂ ಕಂಡಿದ್ದೇನೆ. ಒಳಗೆ ನೀರಿನ ಹನಿ ಕೂತು ಬೋರ್ಡೇ ಹೋಗುತ್ತದೆ.

ಮುಂದಿನದು ಚಾರ್ಜರ್. ಟೈಪ್ ಸಿ ಬಂದ ಮೇಲೆ ಎಲ್ಲ ಪಿನ್ನೂ ಎಲ್ಲದಕ್ಕೂ ಕೂರುತ್ತದೆ, ಆದರೆ ಎಲ್ಲ ಚಾರ್ಜರಿಗೂ ಒಂದೇ ಶಕ್ತಿ ಇಲ್ಲ. ಲ್ಯಾಪ್‌ಟಾಪ್ 45 ಅಥವಾ 65 ವಾಟ್ ಕೇಳುತ್ತದೆ, ಫೋನಿನ ಚಾರ್ಜರ್ ಅದರಲ್ಲಿ ಮೂರನೇ ಒಂದು ಪಾಲನ್ನಷ್ಟೇ ಕೊಡುತ್ತಿರಬಹುದು. ಆಗ ಯಂತ್ರ ನಡೆಯುತ್ತಿರುತ್ತದೆ, ಬ್ಯಾಟರಿ ಮಾತ್ರ ಏರದು. ಕೇಬಲ್ಲನ್ನೂ ಬದಲಾಯಿಸಿ ನೋಡಿ. ಹಳೆಯ ದುಂಡು ಪಿನ್ನಿನ ಕೆಲವು ಅಡಾಪ್ಟರುಗಳಲ್ಲಿ ನಡುವೆ ತೆಳ್ಳನೆಯ ಕಡ್ಡಿಯೊಂದಿರುತ್ತದೆ. ಅದು ಲ್ಯಾಪ್‌ಟಾಪಿಗೆ ತನ್ನ ಗುರುತು ಹೇಳುವ ತಂತಿ. ಅದು ಬಾಗಿದರೆ ಅಥವಾ ಒಳಗೆ ತುಂಡಾದರೆ, ಲ್ಯಾಪ್‌ಟಾಪ್ ಕರೆಂಟು ತೆಗೆದುಕೊಂಡು ನಡೆಯುತ್ತದೆ, ಆದರೆ ಗುರುತಿಲ್ಲದ ಅಡಾಪ್ಟರಿನಿಂದ ಬ್ಯಾಟರಿ ತುಂಬಿಸಲು ಒಪ್ಪುವುದಿಲ್ಲ. ಅಲ್ಲಿ ಬೇಕಾದದ್ದು ಒಂದು ಅಡಾಪ್ಟರು, ಬ್ಯಾಟರಿಯಲ್ಲ. ಚಾರ್ಜಿಂಗ್ ಜ್ಯಾಕು ಸಡಿಲವಾಗಿ ಅಲ್ಲಾಡುವುದೂ ಸಾಮಾನ್ಯ, ಮಕ್ಕಳು ವೈರು ಎಳೆದುಕೊಂಡು ಹಾಸಿಗೆಯ ಮೇಲೆ ಹೊರಳುವುದರ ಫಲ ಅದು.

ಇವೆಲ್ಲ ಸರಿಯಿದ್ದರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಚಾರ್ಜಿಂಗ್ ನೋಡಿಕೊಳ್ಳುವ ಒಳಗಿನ ಚಿಪ್ಪು ಎಲ್ಲೋ ಸಿಕ್ಕಿಕೊಂಡಿದ್ದರೆ ಇದರಿಂದ ಬಿಡಿಸಿಕೊಳ್ಳುತ್ತದೆ. ಮತ್ತೆ ಪ್ಲಗ್ ಹಾಕಿ ಆನ್ ಮಾಡಿ. ಇಷ್ಟರಿಂದಲೇ ಸರಿಹೋಗಿ ನಗುತ್ತ ಮನೆಗೆ ಹೋದವರು ಬಹಳ ಜನ. ಇದಕ್ಕೆ ನನ್ನಂಥವನ ಹತ್ತಿರ ಬರುವ ಅಗತ್ಯವೇ ಇಲ್ಲ.

ಬ್ಯಾಟರಿಯ ನಿಜವಾದ ಆರೋಗ್ಯ ತಿಳಿಯಲು ವಿಂಡೋಸ್ ಯಂತ್ರದಲ್ಲೇ ಒಂದು ವರದಿ ಅಡಗಿದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಸೇರಿಸಿ ಎಂಟರ್ ಒತ್ತಲು ಮಕ್ಕಳಿಗೆ ಹೇಳಿ. ಅವರಿಗೆ ಇದು ಕ್ಷಣದ ಕೆಲಸ. ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ ಎಂದೊಂದು ಅಂಕಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂದೊಂದು ಅಂಕಿ ಇರುತ್ತದೆ. ಮೊದಲನೆಯದು ಹೊಸದರಲ್ಲಿ ಇದ್ದದ್ದು, ಎರಡನೆಯದು ಈಗ ಉಳಿದಿರುವುದು. ಉದಾಹರಣೆಗೆ 45,000 ಇದ್ದದ್ದು 30,000ಕ್ಕೆ ಇಳಿದಿದ್ದರೆ ಮೂರನೇ ಒಂದು ಭಾಗ ಹೋಗಿದೆ ಎಂದರ್ಥ. ಹೊಸ ಲ್ಯಾಪ್‌ಟಾಪ್ ಕೊಂಡವರು ಹನ್ನೊಂದನೇ ತಿಂಗಳಲ್ಲಿ ಈ ವರದಿಯನ್ನು ತಪ್ಪದೆ ತೆಗೆಯಿರಿ. ಯಂತ್ರಕ್ಕೆ ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಹೆಚ್ಚಾಗಿ ಒಂದೇ ವರ್ಷ. ಸಹಜ ಸವೆತಕ್ಕೆ ವಾರಂಟಿ ಸಿಗದು, ಆದರೆ ಅಸಹಜವಾಗಿ ಕುಸಿದಿದ್ದರೆ ಕೇಳುವ ಹಕ್ಕು ನಿಮಗಿದೆ. ಗಡುವು ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಬಿಸಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ತಪ್ಪು ಹೆಚ್ಚಾಗುವುದು ಅಲ್ಲೇ. ಲ್ಯಾಪ್‌ಟಾಪುಗಳು ಗಾಳಿ ಎಳೆದುಕೊಳ್ಳುವುದು ಬಹುಪಾಲು ಕೆಳಗಿನಿಂದ. ಹತ್ತಿಯ ಗಾದಿಯ ಮೇಲಿಟ್ಟು ಸಿನಿಮಾ ನೋಡಿದರೆ ಆ ಬಾಯಿ ಮುಚ್ಚಿಹೋಗುತ್ತದೆ, ಜೊತೆಗೆ ಹತ್ತಿಯ ನವಿರು ಫ್ಯಾನಿನೊಳಗೆ ಸೇರುತ್ತದೆ. ನಾನು ಬಿಚ್ಚಿದ ಲ್ಯಾಪ್‌ಟಾಪುಗಳಲ್ಲಿ ಫ್ಯಾನಿನ ಬಾಯಿಗೆ ಕಂಬಳಿಯಂತೆ ಕೂತ ಧೂಳನ್ನು ನಿಮಗೆ ತೋರಿಸಲು ಆಸೆಯಾಗುತ್ತದೆ. ಮರದ ಹಲಗೆಯೊಂದನ್ನು ಕೆಳಗಿಟ್ಟುಕೊಂಡರೂ ಸಾಕು. ವರ್ಷಕ್ಕೊಮ್ಮೆ, ಬೇಸಿಗೆಗೆ ಮೊದಲು, ಫ್ಯಾನು ಸ್ವಚ್ಛ ಮಾಡಿಸಿ. ಕಾರಿನಲ್ಲಿ ಬಿಟ್ಟು ಮದುವೆಮನೆಗೆ ಹೋಗಬೇಡಿ. ನಿಂತ ಕಾರಿನ ಒಳಗಿನ ಬಿಸಿ ಹೊರಗಿನದಕ್ಕಿಂತ ಬಹಳ ಹೆಚ್ಚು.

ಮೇ ತಿಂಗಳಲ್ಲಿ ನೀವೆಲ್ಲ ಊರಿಗೆ ಹೊರಡುವಿರಿ, ಹುಬ್ಬಳ್ಳಿ, ಬೆಳಗಾವಿಗೋ, ಕೊಂಕಣ ರೈಲಿನಲ್ಲಿ ಉಡುಪಿ, ಮಂಗಳೂರಿಗೋ. ಬೀಗ ಹಾಕಿದ ಫ್ಲಾಟಿನಲ್ಲಿ ಲ್ಯಾಪ್‌ಟಾಪ್ ಉಳಿಯುವುದಾದರೆ ಅರ್ಧದಷ್ಟು ಚಾರ್ಜ್ ಇಟ್ಟು, ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಮನೆಯ ಒಳಕೋಣೆಯ ಕೆಳಗಿನ ಕಪಾಟಿನಲ್ಲಿ ಇಡಿ. ಪಶ್ಚಿಮದ ಗೋಡೆಗೆ ತಾಗಿದ ಕಪಾಟು ಬೇಡ, ಸಂಜೆಯವರೆಗೂ ಅದು ಕಾದಿರುತ್ತದೆ. ಸೊನ್ನೆಗೆ ಇಳಿದದ್ದನ್ನು ಹಾಗೇ ಬಿಟ್ಟು ಹೋಗುವುದು ಇನ್ನೂ ಕೆಟ್ಟದ್ದು. ಬ್ಯಾಟರಿ ತನ್ನಷ್ಟಕ್ಕೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ, ಒಂದು ಮಿತಿಗಿಂತ ಕೆಳಗೆ ಹೋದರೆ ಕಾವಲು ಸರ್ಕ್ಯೂಟು ಮತ್ತೆ ಚಾರ್ಜ್ ಆಗಲು ಬಿಡುವುದಿಲ್ಲ. ಅಂಥದ್ದನ್ನು ಹೊರಗಿನಿಂದ ಕರೆಂಟು ಕೊಟ್ಟು ಎಬ್ಬಿಸುತ್ತೇನೆ ಎನ್ನುವ ಮೆಕ್ಯಾನಿಕ್ಕುಗಳಿದ್ದಾರೆ. ಒಪ್ಪಬೇಡಿ. ಅಷ್ಟು ಕೆಳಗೆ ಹೋದ ಸೆಲ್ಲಿನೊಳಗೆ ತಾಮ್ರ ಕರಗಿ ಬೇರೆಡೆ ಕೂತಿರುತ್ತದೆ, ಮತ್ತೆ ತುಂಬಿಸಿದಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ಸರ್ಕ್ಯೂಟು ಬೇಡ ಎಂದದ್ದು ನಿಮ್ಮ ಮನೆಯ ಕ್ಷೇಮಕ್ಕೇ.

ಪ್ರಯಾಣದ ಬಗ್ಗೆ ಎರಡೇ ಮಾತು. ರೈಲಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಬಿಡಿಸಿ. ಬೆಂಕಿಯ ಭಯದಿಂದ ಪಶ್ಚಿಮ ರೈಲ್ವೆ 2021ರ ಮಾರ್ಚಿನಲ್ಲೇ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೋಗಿಗಳ ಚಾರ್ಜಿಂಗ್ ಪಾಯಿಂಟುಗಳ ಕರೆಂಟು ನಿಲ್ಲಿಸಲು ಶುರುಮಾಡಿತು. ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿನಲ್ಲಿ ಹಾಕಬಾರದು. 100 ವಾಟ್ ಅವರ್‌ಗಿಂತ ದೊಡ್ಡದಾದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಹೆಚ್ಚಿನ ಲ್ಯಾಪ್‌ಟಾಪ್ ಬ್ಯಾಟರಿಗಳು ಇದರೊಳಗೇ ಇರುತ್ತವೆ, ಅಂಕಿ ಅದರ ಮೇಲೇ ಬರೆದಿರುತ್ತದೆ.

ಇನ್ನೊಂದು ಕೋರಿಕೆ, ನನ್ನ ಕಸುಬಿನ ಬಗ್ಗೆಯೇ. ಬ್ಯಾಟರಿ ಬದಲಿಸಲೇಬೇಕಾದಾಗ "ಎಲ್ಲಕ್ಕಿಂತ ಅಗ್ಗದ್ದು ಹಾಕಿ" ಎಂದು ದಯವಿಟ್ಟು ಹೇಳಬೇಡಿ. ಅಗ್ಗದ್ದು ಇದೆ. ಹಳೆಯ ಬ್ಯಾಟರಿಗಳಿಂದ ಬಿಚ್ಚಿದ ಸೆಲ್ಲುಗಳನ್ನು ಹೊಸ ಹೊದಿಕೆಯಲ್ಲಿ ತುಂಬಿ, ಇಲ್ಲದ ಸಾಮರ್ಥ್ಯವನ್ನು ಮೇಲೆ ಅಚ್ಚು ಹಾಕಿ ಮಾರುವವರಿದ್ದಾರೆ. ಕೈಯಲ್ಲಿ ಹಿಡಿದರೇ ತೂಕದಲ್ಲಿ ಗೊತ್ತಾಗುವಂಥವು. ಭಾರತದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಮೇಲೆ ಐಎಸ್ 16046 ಎಂದೂ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ನಿಮ್ಮ ಫೋನಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಯ, ಯಾವ ಸರಕಿಗೆ ಅದು ಸೇರಿದ್ದು ಎಂದು ಬರುತ್ತದೆ. ಅಂಗಡಿಯವರ ಮುಂದೆಯೇ ನೋಡಿ, ಸಂಕೋಚ ಬೇಡ. ನನ್ನ ಅಂಗಡಿಯಲ್ಲೂ ನೋಡಿ. ಒಳ್ಳೆಯ ಕಂಪನಿಗಳಿಗೂ ಸೆಲ್ಲಿನ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದೇ ಉದಾಹರಣೆ ಸಾಕು: 2006ರಲ್ಲಿ ಸೋನಿ ತಯಾರಿಸಿದ ಸೆಲ್ಲುಗಳಲ್ಲಿ ದೋಷ ಕಂಡು ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸು ಕರೆಸಿಕೊಂಡಿತು. ಮೊದಲು ಮಾಡಿದವರದ್ದೇ ಹಾಗಾಗಬಹುದಾದರೆ, ಹೆಸರಿಲ್ಲದವರ ಕೈಯಿಂದ ಬಂದದ್ದನ್ನು ಮಗುವಿನ ತೊಡೆಯ ಮೇಲೆ ಇಡುವ ಮುನ್ನ ಯೋಚಿಸಬೇಕು.

ಊದಿದ ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಠಿಣವಾಗಿ ಮಾತಾಡುತ್ತೇನೆ, ಕ್ಷಮಿಸಿ. ಟಚ್‌ಪ್ಯಾಡ್ ಮೇಲೆದ್ದಿದೆ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಓಲಾಡುತ್ತದೆ, ಕೆಳಗಿನ ಮುಚ್ಚಳದ ಸಂದು ಬಿರಿದಿದೆ ಎಂದಾದರೆ ಒಳಗೆ ದ್ರಾವಣ ಕೆಟ್ಟು ಅನಿಲ ತುಂಬಿದೆ. ಅದನ್ನು ಟೇಪು ಸುತ್ತಿ, ಮೇಲೆ ಪುಸ್ತಕ ಹೇರಿ, ಪರೀಕ್ಷೆ ಮುಗಿಯುವವರೆಗೆ ಬಳಸಿದ ಮಕ್ಕಳನ್ನು ಕಂಡಿದ್ದೇನೆ. ಅವರ ಮನೆಯವರಿಗೆ ಗೊತ್ತೇ ಇರಲಿಲ್ಲ. ಆ ಕ್ಷಣ ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಒತ್ತಬೇಡಿ, ಚುಚ್ಚಬೇಡಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ ಕಲ್ಲುನೆಲದ ಮೇಲಿಟ್ಟು ಬಲ್ಲವರ ಹತ್ತಿರ ತೆಗೆಸಿ. ಪರೀಕ್ಷೆಗೆ ಬೇರೆ ಲ್ಯಾಪ್‌ಟಾಪ್ ಸಿಗುತ್ತದೆ, ಕೇಳಿದರೆ ನೆರೆಮನೆಯವರೂ ಕೊಡುತ್ತಾರೆ. ನೀರು ಕುಡಿದ ಲ್ಯಾಪ್‌ಟಾಪಿಗೂ ಇದೇ ಮಾತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ನಮ್ಮ ವಡೋದರಾದ ಎಷ್ಟೋ ಬಡಾವಣೆಗಳು ಮುಳುಗಿದ್ದವು. ನೆರೆ ಇಳಿದ ಮೇಲೆ ಒದ್ದೆ ಲ್ಯಾಪ್‌ಟಾಪನ್ನು ಬಿಸಿಲಿಗೆ ಒಣಹಾಕಿ, ಆನ್ ಆಗುತ್ತದೆಯೇ ಎಂದು ನೋಡಲು ಚಾರ್ಜಿಗೆ ಹಾಕಿದವರಿದ್ದರು. ಕೆಸರುನೀರು ಹೊಕ್ಕ ಬ್ಯಾಟರಿಗೆ ಯಾವತ್ತೂ ಕರೆಂಟು ಕೊಡಬಾರದು. ಫೈಲುಗಳು ಬೇಕಿದ್ದರೆ ಡಿಸ್ಕನ್ನು ಬೇರೆಯಾಗಿ ತೆಗೆದು ಓದಬಹುದು. ಬ್ಯಾಟರಿ ಮಾತ್ರ ಹೋದದ್ದು ಹೋಯಿತು ಎಂದೇ ತಿಳಿಯಿರಿ.

ತೆಗೆದ ಹಳೆಯ ಬ್ಯಾಟರಿ ಎಲ್ಲಿ ಹೋಗಬೇಕು? ಅಟ್ಟದ ಮೇಲಲ್ಲ, ಕಸದ ಗಾಡಿಗಲ್ಲ, ರದ್ದಿ ಕೊಳ್ಳುವ ಕೈಗಾಡಿಯವನಿಗೂ ಅಲ್ಲ. ಕಸದ ಗಾಡಿಯೊಳಗೆ ಜಜ್ಜಿದರೆ ಅದು ಹೊತ್ತಿಕೊಳ್ಳಬಹುದು, ಅಲ್ಲಿ ಕೈಹಾಕುವವರು ಬಡಪಾಯಿಗಳು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ತುದಿಗಳಿಗೆ ಟೇಪು ಹಚ್ಚಿ ಕೊಡಿ. ಒಳಗಿರುವ ಲಿಥಿಯಂ, ಕೋಬಾಲ್ಟ್ ದೇಶಕ್ಕೆ ಬೇಕಾದವು. ನಮ್ಮ ಗುಜರಾತಿನಲ್ಲೇ ಹನ್ಸಲ್‌ಪುರದಲ್ಲಿ ಸುಜುಕಿ, ತೋಶಿಬಾ, ಡೆನ್ಸೊ ಸೇರಿ ಕಟ್ಟಿದ ಲಿಥಿಯಂ ಬ್ಯಾಟರಿ ಕಾರ್ಖಾನೆ ಇದೆ. ಸಾನಂದಿನಲ್ಲಿ ಟಾಟಾದವರ ಕಾರ್ಖಾನೆಗೆ 2023ರಲ್ಲಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದವಾಯಿತು, ಬಂಡವಾಳ 13,000 ಕೋಟಿ ರೂಪಾಯಿ. ನಿಮ್ಮ ಮಕ್ಕಳಲ್ಲೇ ಕೆಲವರು ನಾಳೆ ಅಲ್ಲಿಗೆ ಕೆಲಸಕ್ಕೆ ಹೋಗಬಹುದು.

ಹಬ್ಬಕ್ಕೋ ನಾಟಕಕ್ಕೋ ನಾವು ಕನ್ನಡಿಗರು ಒಂದೆಡೆ ಸೇರುವಾಗ ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ವರದಿಯನ್ನು ಫೋನಿನಲ್ಲಿ ಫೋಟೊ ತೆಗೆದು ತನ್ನಿ. ಕೂತು ನೋಡಿ, ಬದಲಿಸಬೇಕೋ, ಇನ್ನೂ ವರ್ಷ ಬರುತ್ತದೋ ಹೇಳುತ್ತೇನೆ; ಅದಕ್ಕೆ ದುಡ್ಡು ಬೇಡ. ಅಹಮದಾಬಾದ್, ಸೂರತ್‌ನವರು ತಮ್ಮ ಊರಿನಲ್ಲಿ ಈ ಕೆಲಸ ಬಲ್ಲ ಒಬ್ಬರನ್ನು ಗುರುತಿಸಿ ಕೂರಿಸಿಕೊಳ್ಳಿ. ಬೇಸಿಗೆ ಶುರುವಾಗುವ ಮೊದಲೇ ಇದಾದರೆ ಒಳ್ಳೆಯದು. ಶೇ. 80ರ ಸೆಟ್ಟಿಂಗಿಗಾದರೂ ಅಷ್ಟು ದಿನ ಕಾಯಬೇಡಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಲ್ಯಾಪ್‌ಟಾಪ್ ರಿಪೇರಿಗಾರ
ಮಂಜಲ್‌ಪುರ, ವಡೋದರಾ